ನೀರಾಗಿನ ಗುಳ್ಳಿ

ಅಂಗಡಿ ತೆರೆದ ದಿನ ತಂದಿದ್ದೆ ಕ್ರೋಟನ್ ಗಿಡ.
ತಳ್ಳುಗಾಡಿಯವ ನೂರಾ ಎಂಬತ್ತು ಹೇಳಿ
ನೂರಾ ನಲವತ್ತಕ್ಕ ಇಳಿದಿದ್ದ.
ಎಲಿ ಮ್ಯಾಲ ಅರಿಷಿಣ, ಕುಂಕುಮ, ಹಸಿರು,
ಯಾರೋ ಅವಸರದಾಗ ಚೆಲ್ಲಿ ಓಡಿಹೋದಂಗ.
ನವನಗರದಾಗ ನೀಲಗಂಗಾ ಜೆರಾಕ್ಸ್ ಬೋರ್ಡಿನ ಕೆಳಗ
ಸಿಮೆಂಟಿನ ಕುಂಡ, ಕುಂಡದ ತುಂಬ ಎರಿಮಣ್ಣು.

ಒಂಬತ್ತನೇ ದಿನಕ್ಕ ಜೋತುಬಿತ್ತು,
ತೊಯ್ದು ಮೂಲ್ಯಾಗ ನಿಂತ ಛತ್ರಿಯಂಗ.

ನೀರ ಹಾಕ್ರಿ ಅಂದ್ರು ಆಧಾರ್ ಕಾರ್ಡಿನವರು.
ನೀರ ಬಿಡ್ರಿ ಅಂದ್ರು ಉತಾರದವರು.
ಚಹಾಪುಡಿ ಹಾಕು, ತತ್ತಿಸಿಪ್ಪಿ ಹಾಕು,
ಕರೇ ದಾರಕ್ಕ ಲಿಂಬಿಹಣ್ಣು ಕಟ್ಟು,
ಎದುರಿನ ಅಂಗಡಿಯಾಕಿ ಕಣ್ಣು ಸುಮಾರ ಐತಿ.
ಎಲ್ಲಾ ಮಾಡಿದೆ, ಲಿಂಬಿಹಣ್ಣೊಂದು ಬಿಟ್ಟು.
ಆಕಿ ಕೂಡ ನಂದೊಂದು ಭಿಶಿ ಐತಿ.

ಮಣ್ಣು ಮುಟ್ಟಿದ್ರ ಹಸಿ.
ಎಲಿ ಮುಟ್ಟಿದ್ರ ಹಳೇ ಅರಿವಿ.
ಹಸೇ ಮಣ್ಣಾಗ ನಿಂತು ನೀರಡಿಸೂದು ಹೆಂಗ?

ಪಕ್ಕದ ಪಂಕ್ಚರ್ ಅಂಗಡಿ ದಾವಲಸಾಬರು,
ಮಾತಿಗೆ ರೊಕ್ಕ ಹತ್ತತಾವೇನೋ ಅನ್ನೂವಂಗ ಇರೂ ಮನಷಾ,
ಬಾಯಾಗಿನ ಬೀಡಿ ತಗದು, ‘ತಾ ತಂಗಿ ಇಲ್ಲಿ’ ಅಂದ್ರು.
ಟೈರು ಬಿಚ್ಚೂ ಪಟ್ಟಿ ಕುಂಡದ ಅಂಚಿಗೆ ಇಳಿಸಿ
ಒಂದು ಸುತ್ತು.
ಗಿಡ ಬುಡಸಮೇತ ಕೈಗೆ ಬಂತು.

ಹೊರಗಿನ ಎರಿ ಉದುರಿತು, ಹಸೀದು, ಕರೀದು.
ಒಳಗ ಒಂದು ಕಂದು ಉಂಡಿ,
ನರ್ಸರಿಯವರು ತುಂಬಿದ ತೆಂಗಿನ ನಾರಿನ ಪುಡಿ,
ಬಿರುಸು, ಹಗೂರ, ಬಿಸ್ಕೀಟಿನಂಗ ಒಣ.
ಇಷ್ಟು ದಿನ ನಾ ಹಾಕಿದ ನೀರು
ಅದರ ಮಗ್ಗಲಿಂದ ಇಳಿದು ಹೋಗಿತ್ತು,
ಗುರುತಿಲ್ಲದ ಮನಿ ಮುಂದ ಹಾದು ಹೋದಂಗ.

ಟ್ಯೂಬು ಅದ್ದೂ ಟಬ್ಬಿನ ಹಳೇ ನೀರು ಚೆಲ್ಲಿ
ಹೊಸಾ ನೀರು ತುಂಬಿ
ಉಂಡಿ ಮುಳುಗಿಸಿ ಅಂಗೈಲೆ ಒತ್ತಿ ಹಿಡಿದ್ರು.
ಬುಳು ಬುಳು ಬುಳು
ಗುಳ್ಳಿ ಎದ್ದವು, ಸಾಲು ಸಾಲು, ಆಮ್ಯಾಲ ಒಂದೊಂದು.
‘ಎಲ್ಲಿ ಸೋರಾಕತ್ತೈತ್ರಿ?’ ಅಂದೆ.
ಅವತ್ತ ಮೊದಲ ಸಲ ನಕ್ರು.
‘ಸೈಕಲ್ಲಿಗೆ ಗುಳ್ಳಿ ಬಂದ್ರ ಬ್ಯಾನಿ.
ಇದಕ್ಕ ಔಷಧ.
ನಿಲ್ಲೂ ತನಕ ಹಿಡೀಬೇಕು.’

ನಿಂತು ನೋಡಿದ್ವಿ.
ಗಿರಾಕಿ ಬಂದ, ನಕಲು ಬೇಕಂದ, ತಡಿಯಪಾ ಅಂದೆ.
ಅವನೂ ಬಗ್ಗಿ ನೋಡ್ಕೋತ ನಿಂತ.

ಬೇರು ಸುತ್ತಿ ಸುತ್ತಿ ಸಿಂಬಿ ಆಗಿದ್ವು.
ಬ್ಲೇಡಿನಿಂದ ಮೂರು ಕಡೆ ಗೀರಿ, ಬೆರಳಿಂದ ಬಿಡಿಸಿ,
ಉಸುಕು ಕೂಡಿಸಿದ ಮಣ್ಣಾಗ ಮತ್ತ ಇಟ್ಟು
ನೆರಳಿಗೆ ಸರಿಸಿದ್ರು, ಗಾಲಿ ನಿಲ್ಲಿಸೂ ಗ್ವಾಡಿ ಮಗ್ಗಲಿಗೆ.
‘ಹಳೇ ಬಾಗಲಕೋಟಿಯಿಂದ ಈ ಸೆಕ್ಟರಿಗೆ ಬಂದಾಗ
ನನಗೂ ಎರಡು ವರ್ಷ ಅನ್ನ ಹತ್ತಲಿಲ್ಲ’ ಅಂದ್ರು.
ಮುಂದ ಏನರ ಹೇಳ್ತಾರನ್ನೂದ್ರಾಗ ಟ್ರ್ಯಾಕ್ಟರ್ ಬಂತು.
ರೊಕ್ಕ ತಗೊಳ್ಳಲಿಲ್ಲ.
ರೇಷನ್ ಕಾರ್ಡಿಂದು, ಎರಡೂ ಮಗ್ಗಲು,
ಮೂರು ಪ್ರತಿ ಮಾಡಿಸಿಕೊಂಡ್ರು.

ಎಲಿ ಉದುರಿದ್ವು. ಉಳಿದದ್ದು ಹನ್ನೊಂದು, ಏಳು, ಮೂರು,
ಕೆಟ್ಟ ಜೆರಾಕ್ಸ್ ಹಾಳಿ ಹಿಂದ ಬರಕೋತ ಹೋದೆ.
ಒಂದು ದಿನ ಬರೇ ಕಡ್ಡಿ.
ಕಸದವ ಎತ್ತಾಕ ಬಂದಾಗ ಬ್ಯಾಡ ಅಂದೆ.
ಉಗುರಿಂದ ತೊಗಟಿ ಕೆರೆದು ನೋಡಿದ್ದೆ,
ಒಳಗ ಎಳೇ ಹಸಿರು.
ಯಾರಿಗೂ ಹೇಳಿರಲಿಲ್ಲ.

ಮಿರಗದ ಮಳಿ ನಾಕು ಹನಿ ಹಾಕಿ ಹೋದ ಮರುದಿನ
ಕಡ್ಡಿ ತುದಿಗೆ ಗುಬ್ಬಿ ನಾಲಿಗಿಯಷ್ಟು
ತನ್ನ ಬಣ್ಣ ತನಗ ಇನ್ನೂ ಗೊತ್ತಿಲ್ಲದ ಎಲಿ.
ತಿಂಗಳಿಗೆ ಮೂರು ಬೆರಳಗಲ.

ದಾವಲಸಾಬರು ಬಂದ್ರು, ಅಂಗಿಗೆ ಕೈ ಒರಸಿಕೊಂತ.
ಹೆಬ್ಬೆರಳು ತೋರಬೆರಳ ನಡುವ ಎಲಿ ಹಿಡಿದು
ತುಂಬಿದ ಗಾಲಿ ಒತ್ತಿ ನೋಡೂವಂಗ
ಹಗೂರಕ ಒತ್ತಿ ನೋಡಿ,
‘ಬರೋಬ್ಬರಿ ಐತಿ’ ಅಂದು ಹೊಳ್ಳಿ ಹೋದ್ರು.
ಎಲಿ ಮ್ಯಾಲ ಅವರ ಬೆರಳಿನ ಗ್ರೀಸು ಉಳೀತು,
ಕ್ರೋಟನ್ನಿಗೆ ನಾಕನೇ ಬಣ್ಣ.