ಮಂಗಳವಾರದ ಸಾಲು

ಜೊಂಬಾದ ಆಸ್ಪತ್ರೆಯಲ್ಲಿ ಮಂಗಳವಾರ ಸಕ್ಕರೆಯವರ ಸಾಲು.
ಪೊರಕೆ ಇಡುತ್ತಿದ್ದ ಕೋಣೆಯಲ್ಲೀಗ ಕ್ಯಾಮೆರಾ.
ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಎಳೆದ
ಹೊಸದೊಂದು ಕಲಂ: ಕಣ್ಣು.

"ಬೆರಳು ಚುಚ್ಚಿಸಿಕೊಳ್ಳಲು ಬಂದವಳು ನಾನು,
ಕಣ್ಣಿನ ಮಾತು ಯಾರೆತ್ತಿದರು?"
ಗೊಣಗಿದಳು ಎನೆಲೆಸಿ.
"ಒಣಮೀನು ಇಂದಿಗೂ ನಾನೇ ಎಣಿಸುತ್ತೇನೆ, ಒಂದೂ ತಪ್ಪದೆ."
ಎಣಿಸುವುದು ಬೆರಳೆಂದು ಹೇಳಲಿಲ್ಲ.

ಹನಿ ಹಾಕಿದರು. ಕರೆಂಟು ಹೋಯಿತು.
ಬಂತು.
ಪರದೆಯ ಮೇಲೆ ಕಿತ್ತಳೆ ಬಣ್ಣದ ಚಂದ್ರ,
ಅದರ ತುಂಬ ಚೆಲ್ಲಿದ ಸಾಸಿವೆಯಂತೆ ನೆತ್ತರು.

"ನೋವೇ ಇಲ್ಲವಲ್ಲ?"
"ಅದಕ್ಕೇ" ಎಂದಳು ನರ್ಸ್ ತಿಯಾಮಿಕೆ,
ಲೇಸರಿಗೆ ಬ್ಲಾಂಟೈರ್ ಎಂದು ಬರೆದು
ಬಸ್ಸಿನ ದುಡ್ಡಿಗೆ ಕಲಂ ಹುಡುಕುತ್ತ.

ಹೊರಗೆ ಬಿಸಿಲು. ಅರಳಿದ ಪಾಪೆಗೆ ಬೆಂಕಿ.
ಚಿತೆಂಜೆಯ ಸೆರಗನ್ನು ಹಣೆಗೆಳೆದುಕೊಂಡು
ಗೋಡೆ ಹಿಡಿದು ನಿಂತಳು.
ಸಾಲಿನಲ್ಲಿದ್ದ ಮುದುಕನೊಬ್ಬ ತೋಳು ಮುಟ್ಟಿ ಕೇಳಿದ:
ಒಳಗೆ ಏನು ಕಂಡಿತಂತೆ?