ಮಾಫುರ ಮರದ ಹತ್ತಿರ

ಮೊಜಾಂಬಿಕಿನ ಬೇರಾ ಬಂದರು. ಎರಡನೆಯ ಮಹಡಿ.
ಜನರೇಟರಿನ ಗುಡುಗುಡು. ಗೋಡೆಯ ಪರದೆಯಲ್ಲಿ
ಬೂಜಿ ಹೊಳೆ ಇನ್ನೂ ತೆಳ್ಳಗೆ, ನೀಲಿಯಾಗಿ,
ಸಂಭಾವಿತರ ಹಾಗೆ ದಂಡೆಯೊಳಗೇ ಹರಿಯುತ್ತಿದೆ.
ಹೊರಗೆ ಅದಕ್ಕೆ ದಂಡೆಯೆಂಬುದೇ ಉಳಿದಿಲ್ಲ.

ನನ್ನ ಕೆಲಸ ಚುಕ್ಕಿ ಇಡುವುದು.
ಫೋನು ಬಂದರೆ ಕೆಂಪು. ದೋಣಿ ಹೊರಟರೆ ಹಳದಿ.
ಜನ ದಡ ಸೇರಿದರೆ ಹಸಿರು.

ಮೂರನೆಯ ರಾತ್ರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳಿಗೆ
ಕೆಂಪೆಲ್ಲ ಒಂದಕ್ಕೊಂದು ಅಂಟಿದಂತೆ ಕಾಣುತ್ತಿತ್ತು.
ದೊಡ್ಡದು ಮಾಡಿದೆ, ಬಿಡಿಬಿಡಿಯಾಗಿ ಚೆದುರಿದವು.
ಚಿಕ್ಕದು ಮಾಡಿದೆ, ಎಲ್ಲ ಸೇರಿ ಒಂದೇ ಗುಂಡು,
ಅದರ ಮೇಲೊಂದು ಅಂಕಿ: ನೂರ ಹನ್ನೆರಡು.
ಬೆರಳ ತುದಿಗೆ ಎಷ್ಟು ಸಲೀಸು, ಒಟ್ಟುವುದು, ಒಡೆಯುವುದು!

ಆಗ ಬಂತು ಆ ಫೋನು. ಝುಲ್ಮೀರಾ ಅಂದಳು ಹೆಸರು.
ಹಿಂದೆ ಮೇಕೆಯ ದನಿ, ಮಗುವಿನ ದನಿ, ನೀರಿನ ದನಿ.
"ಎಲ್ಲಿದ್ದೀರಿ?"
"ಮಾಫುರ ಮರದ ಹತ್ತಿರ."
"ಯಾವ ಮಾಫುರ ಮರ?"
ಸುಮ್ಮನಾದಳು. ಅಮ್ಮ ಎಂದವಳನ್ನು
ಯಾವ ಅಮ್ಮ ಎಂದು ಕೇಳಿದಂತಾಯಿತೇನೊ.
"ಮಾಫುರ ಮರ," ಅಂದಳು ಮತ್ತೆ, ಬಿಡಿಸಿ ಬಿಡಿಸಿ,
ಕಿವುಡರಿಗೆ ಹೇಳುವಂತೆ.
"ಹದಿನಾಲ್ಕು ಜನ. ಶಾಲೆಯ ಸೂರಿನ ಮೇಲೆ.
ಬ್ಯಾಟರಿ ನಾಲ್ಕು ಪರ್ಸೆಂಟು."

ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ.
ಬಿಳಿ. ತೊಳೆದು ಬೋರಲು ಹಾಕಿದ ತಟ್ಟೆಯ ಬಿಳಿ.
ಯಾವುದೋ ದೇಶದ ಯಾರೋ ಪುಣ್ಯಾತ್ಮರು
ಉಪಗ್ರಹದ ಚಿತ್ರ ನೋಡಿ, ನಿದ್ದೆಗೆಟ್ಟು,
ಸುತ್ತೆಲ್ಲ ಮನೆಗೊಂದು ಚೌಕ ಬರೆದಿದ್ದರು;
ಮೋಡ ಕವಿದ ಈ ಮೂಲೆಯನ್ನು ಮಾತ್ರ
ನಾಳೆಗೆ ಬಿಟ್ಟಿದ್ದರು.

ಕೆಳಗೆ ಓಡಿದೆ. ಕಂಬಳಿ ಹೊದ್ದವರ ನಡುವೆ ನಿಂತು ಕೂಗಿದೆ:
ಮಾಫುರ ಮರ ಗೊತ್ತೆ, ಯಾರಿಗಾದರೂ?
ಮುದುಕನೊಬ್ಬ ಎದ್ದ. ಬಲ್ತಜಾರ್ ಮುತಿಸ್ಸೆ.
ಒಂದೇ ಕಾಲಿಗೆ ಚಪ್ಪಲಿ. ನಲವತ್ತು ವರ್ಷದ ಅಂಬಿಗ.
ಪರದೆಯ ಮುಂದೆ ನಿಂತು ಬೆರಳಿಟ್ಟ.
ಬೆರಳು ಒದ್ದೆ. ನಕ್ಷೆ ಸರ್ರನೆ ಜಾರಿ
ಕಡಲು ದಾಟಿ ಮಡಗಾಸ್ಕರಿಗೆ ಹೋಯಿತು.
ಯಾರೋ ನಕ್ಕರು. ಮೂರು ದಿನದಲ್ಲಿ ಮೊದಲ ನಗು.
ಅವನು ನಗಲಿಲ್ಲ. "ಇದಕ್ಕೂ ನೀರಿನ ಗುಣ," ಅಂದ,
"ಒತ್ತಬಾರದು." ಕಣ್ಣು ಮುಚ್ಚಿಕೊಂಡ.

"ಸಕ್ಕರೆ ಕಾರ್ಖಾನೆಯ ಮುರುಕು ಚಿಮಣಿ ಬೆನ್ನಿಗಿರಲಿ.
ಎರಡು ಹಾಡು ಮುಗಿಯುವಷ್ಟು ಹುಟ್ಟು ಹಾಕು.
ಎಡಕ್ಕೆ ನೀರಾನೆ ಮಲಗುತ್ತಿದ್ದ ಮಡು,
ಈಗ ಅದಿಲ್ಲ, ಆದರೂ ಬಳಸಿಯೇ ಹೋಗು.
ಹುಳಿತ ಹೆಂಡದ ವಾಸನೆ ಬಂತೋ, ದಾಟಿಬಿಟ್ಟೆ ಅಂತ ತಿಳಿ,
ಅದು ನನ್ನ ಷಡ್ಡಕನ ಮನೆ."

ಒಂದು ಹಾಡಿಗೆ ಎಷ್ಟು ಮೀಟರು?
ಮನಸ್ಸಿನಲ್ಲೇ ಹಾಡಿಕೊಂಡು ಅಳೆದೆ.
ಬಿಳಿಯ ಮೇಲೆ ಚುಕ್ಕಿ ಇಟ್ಟೆ.
ಹೆಸರು ಕೇಳಿತು ಯಂತ್ರ. ಬರೆದೆ: ಮಾಫುರ ಮರ.

ದೋಣಿ ಹೊರಟಿತು. ಹಳದಿ.
ಬೆಳಗಿನ ಜಾವದವರೆಗೂ ಹಳದಿ.
ಕುರ್ಚಿ ಕೊಟ್ಟರೂ ಮುದುಕ ನೆಲದ ಮೇಲೆಯೇ ಕೂತಿದ್ದ,
ಪರದೆಗೆ ಬೆನ್ನು ಹಾಕಿ, ಮೆಟ್ಟಿಲ ಕಡೆಗೆ ಮುಖ ಮಾಡಿ.

ಐದೂ ಮುಕ್ಕಾಲಿಗೆ ರೇಡಿಯೊ ಕರಕರ ಅಂದಿತು:
"ಹದಿಮೂರು ಜನ. ಒಂದು ಮೇಕೆ."
ಯಾರು ಎಂದು ಕೇಳಲು ಬಾಯಿ ಬರಲಿಲ್ಲ.
ಹಸಿರು ಮಾಡಬೇಕು, ನಿಯಮ ಹಾಗೆ.
ಹದಿಮೂರಕ್ಕೆ ಹಸಿರಿದೆ;
ಹದಿನಾಲ್ಕನೆಯದಕ್ಕೆ ನಮ್ಮಲ್ಲಿ ಬಣ್ಣವಿಲ್ಲ.
"ಮರ?" ಅಂದ ಮುದುಕ.
"ಯಾವ ಮರ?" ಅಂತು ರೇಡಿಯೊ. "ಅಲ್ಲಿ ನೀರೊಂದೇ."

ನೀರಿಳಿದು ತಿಂಗಳಾದ ಮೇಲೆ ಆದೇಶ ಬಂತು:
ನೆಲದಲ್ಲಿಲ್ಲದ ಗುರುತುಗಳನ್ನು ತೆಗೆಯತಕ್ಕದ್ದು.
ತೆಗೆದೆ. ಮುರಿದ ಸೇತುವೆ, ಹೂತ ಬಾವಿ,
ಮೂರು ಚರ್ಚು, ಆ ಶಾಲೆ ಕೂಡ.
ಅದೊಂದನ್ನು ಬಿಟ್ಟೆ.

ಈಗಲೂ ಆ ಕಡೆಯವರು ಫೋನಿನಲ್ಲಿ ಹೇಳುವುದು
ಮರದ ಹತ್ತಿರ ಅಂತಲೇ.
ಹೊಸದಾಗಿ ಸೇರಿದ ಹುಡುಗ ಬೆರಳಾಡಿಸಿ ಹುಡುಕುತ್ತಾನೆ.
"ಸಿಕ್ಕಿತು ಅಕ್ಕ," ಅನ್ನುತ್ತಾನೆ.
ಒತ್ತಬೇಡ, ಅನ್ನುತ್ತೇನೆ.