ಕಾರ್ಬನ್ ಪ್ರತಿ

ಸಂಪಾದಕರ ತಂತಿ: ಹೆಸರು ಬೇಕು, ಊರು ಬೇಕು.
ಊರಿದ್ದರೆ ಆ ಊರಲ್ಲಿ ನಾಲ್ಕು ಪ್ರತಿ ಹೆಚ್ಚು.
ಅದಕ್ಕೇ ಫಿನ್ಶಾಫೆನ್ನಿನ ಮೇಲಣ ಕೆಸರಲ್ಲಿ ತೆವಳುತ್ತ
ಹೊಂಡದಿಂದ ಹೊಂಡಕ್ಕೆ ಕೇಳಿದೆ:
ನಿನ್ನದು ಯಾವೂರಪ್ಪ?

ಪ್ಯಾಸ್ಕೋ, ಎಚುಕಾ, ನದಿಯ ಪಕ್ಕ.
'ಕೊನೆಗೊಂದು ಇ ಇದೆ ನೋಡು, ಬಿಟ್ಟೀಯ,
ನಮ್ಮಮ್ಮ ಪತ್ರಿಕೆಗೇ ಕಾಗದ ಹಾಕ್ತಾಳೆ.'
ಟ್ರೆಗೆನ್ಸ ಹದಿನಾರು ದಿನದಿಂದ ಬೂಟು ಬಿಚ್ಚಿರಲಿಲ್ಲ;
ಬಿಚ್ಚಿದರೆ ಕಾಲೂ ಜೊತೆಗೇ ಬಂದೀತು ಅಂತ ನಕ್ಕ.
ನಗು ಉಳಿಯಿತು.
ಬೂಟನ್ನು ಸೆನ್ಸಾರಿನವನು ಹೊಡೆದುಹಾಕಿದ.

ರಾತ್ರಿ, ಏಣಿನ ಮೇಲೆ ಮೆಷಿನ್‌ಗನ್ನು
ತಗಡಿನ ಮೇಲೆ ಯಾರೋ ಹುರುಳಿ ಸುರಿದ ಹಾಗೆ.
ನಾನು ಪೆನ್ಸಿಲ್ಲು ಕಚ್ಚಿಕೊಂಡು
ಧೈರ್ಯಕ್ಕೆ ಬೇರೊಂದು ಮಾತು ಹುಡುಕುತ್ತಿದ್ದೆ.
ಸಿಗಲಿಲ್ಲ. ಚಳಿ ಅಂತ ಬರೆದೆ, ಜಾರಿಕೆ ಅಂತ ಬರೆದೆ.
ಬೆಳಿಗ್ಗೆ ಪ್ಯಾಸ್ಕೋನ ಹೆಸರಿನ ಮುಂದೆ ಒಂದು ಗೆರೆ.
ಇ ಸರಿಯಾಗಿತ್ತು.

ಈ ಹನ್ನೊಂದು ದಿನವೂ ನನ್ನ ಟೈಪ್‌ರೈಟರು
ನನಗಿಂತ ಮೊದಲೇ ಏರು ಹತ್ತಿರುತ್ತಿತ್ತು,
ಮೇಣಬಟ್ಟೆ ಸುತ್ತಿಕೊಂಡು, ಒಂದು ಹೆಗಲ ಮೇಲೆ.
ಹೊಳೆ ಬಂದಾಗ ಅವನು ಮೊದಲು ಯಂತ್ರವನ್ನು ದಾಟಿಸಿ
ಆಮೇಲೆ ವಾಪಸು ಬಂದು ನನ್ನ ಕೈ ಹಿಡಿಯುತ್ತಿದ್ದ.
ಇಳಿಯುವಾಗ ಅದೇ ಹೆಗಲಿಗೆ ಟ್ರೆಗೆನ್ಸನ ಸ್ಟ್ರೆಚರು,
ಒಂಬತ್ತು ಗಂಟೆ,
ಅವನ ಎದೆಯ ಮೇಲಿಟ್ಟ ತಗಡಿನ ಲೋಟ ಉರುಳಲಿಲ್ಲ.
ನನ್ನ ವರದಿಯಲ್ಲಿ ಅವನು 'ಸ್ಥಳೀಯ ಕೂಲಿಗಳು'.
ಬಹುವಚನ.
ಮರ್ಯಾದೆಯದಲ್ಲ, ಗುಂಪಿನದು.

ಕಡಲ ದಂಡೆಯಲ್ಲಿ, ದೋಣಿಗೆ ಕಾಯುತ್ತ,
ಅವನು ತನ್ನ ಎದೆ ಮುಟ್ಟಿಕೊಂಡು ಒಂದು ಮಾತು ಹೇಳಿದ.
ಆಮೇಲೆ ಯಂತ್ರ ತೋರಿಸಿದ.
ನಾಚಿಕೆಯಾಯಿತು. ಹಾಳೆ ಏರಿಸಿದೆ,
ಕೈ ಅಭ್ಯಾಸಕ್ಕೆ ಕಾರ್ಬನ್ನೂ ಸೇರಿತ್ತು;
ಕಿವಿಗೆ ಬಿದ್ದಂತೆ ಬಡಿದೆ: ಕಾಪೆನುವೊ.

ಹಾಳೆ ಎಳೆದುಕೊಂಡ. ಅಡಿಕೆ ಜಗಿದು ಕೆಂಪಾದ ಬಾಯಿ
ಸ್ವಲ್ಪ ಹೊತ್ತು ಸುಮ್ಮನಿತ್ತು.
ಆಮೇಲೆ ನನ್ನ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು
ಕಾ ಹೊಡೆದುಹಾಕಿ, ಮೇಲೆ
ಗುಂಡಗೆ, ಮಿಷನ್ ಶಾಲೆಯ ಕೈಬರಹದಲ್ಲಿ,
ಗಾ ಬರೆದ.

ಹನ್ನೊಂದು ದಿನ ನನ್ನ ಬೆನ್ನ ಹಿಂದೆ ನಿಂತು
ನಾನು ಬಡಿದದ್ದನ್ನೆಲ್ಲ ನೋಡಿದ್ದ.
ಎಷ್ಟು ಓದಿಕೊಂಡನೋ.

ಹಾಳೆ ಮಡಿಸಿ ತೋಳಬಳೆಗೆ ಸಿಕ್ಕಿಸಿಕೊಂಡು ಹೋದ.
ನನ್ನ ಪೆಟ್ಟಿಗೆಯಲ್ಲಿ ಉಳಿದಿರುವುದು ಕಾರ್ಬನ್ ಪ್ರತಿ.
ಅದರಲ್ಲಿ ಇನ್ನೂ
ತಪ್ಪು ಹೆಸರೇ ಇದೆ.